‘ಬಾಯಿ’ ಎಂಬ ಮೂಳೆ ಮತ್ತು ಮಾಸೆಲ್ಲೊ

ಮಾಸೆಲ್ಲೊಳ ವಿಷಯ ಹೇಳುವ ಮೊದಲು ನನ್ನ ವಿಷಯ ಒಂದು ಮಾತು. ನಾನು ಪುಕ್ಕಲ. ಸಿಡಿಲಿಗೆ ಹೆದರುತ್ತೇನೆ, ಸೆಂಕು ಹೊಳೆಗೆ ಹೆದರುತ್ತೇನೆ, ಕತ್ತಲಲ್ಲಿ ಕೆಮ್ಮುವ ಕುರಿಗೂ ಹೆದರುತ್ತೇನೆ. ಇಪ್ಪತ್ತೆರಡು ವರ್ಷ ಈ ಬೆಟ್ಟದ ದಾರಿಗಳಲ್ಲಿ ಗಾಡಿ ಓಡಿಸಿ ಒಮ್ಮೆಯೂ ಕಂದಕಕ್ಕೆ ಬೀಳಿಸಿಲ್ಲ ಎಂದು ಜನ ನನ್ನನ್ನು ಹೊಗಳುತ್ತಾರೆ. ಅದು ಜಾಣತನವಲ್ಲ, ಬರೀ ಭಯ. ಇಷ್ಟು ವರ್ಷದಲ್ಲಿ ನನ್ನನ್ನು ಮೀರಿಸಿ ಹೆದರುವ ಒಂದೇ ಒಂದು ಜೀವ ಕಂಡಿದ್ದೇನೆ, ಅದು ನಮ್ಮ ಹಾ ಸೆಖೊಬೆ ಊರಿನ ಸೊಸೆ ಮಾಸೆಲ್ಲೊ. ಅವಳ ಕಥೆಯನ್ನು ಧೈರ್ಯವಂತರು ಹೇಳಿದರೆ ಕೆಡಿಸುತ್ತಾರೆ.

ಅವಳು ಹೆದರುತ್ತಿದ್ದುದು ಅತ್ತೆಗೆ. ಅತ್ತೆಗೆ ಯಾರು ಹೆದರುವುದಿಲ್ಲ, ಅದೇನು ದೊಡ್ಡ ಮಾತು ಎನ್ನಬೇಡಿ. ಅವಳ ಅತ್ತೆ ಮಾನಾಪೊ ಮೂಳೆ ಹಾಕುವವಳು. ದನ ಕಳೆದವರು, ಗಂಡ ಗಣಿಯಿಂದ ಬಾರದವರು, ಹೊಟ್ಟೆನೋವು ಬಿಡದವರು ಎಲ್ಲರೂ ಅವಳ ಅಂಗಳಕ್ಕೆ ಬರುತ್ತಿದ್ದರು. ಅವಳು ತೊಗಲಿನ ಚೀಲ ಬಿಚ್ಚಿ, ಉಸಿರು ಊದಿ, ಚಾಪೆಯ ಮೇಲೆ ಮೂಳೆಗಳನ್ನು ಚೆಲ್ಲಿ, ಅವು ಬಿದ್ದ ಬಗೆ ನೋಡಿ ಶಕುನ ಹೇಳುತ್ತಿದ್ದಳು. ಆಡಿನ ಗಿಣ್ಣಿನ ಮೂಳೆಗಳು, ಹಸುವಿನ ಗೊರಸಿನ ತುಂಡುಗಳು, ಮುಳ್ಳುಹಂದಿಯದೊಂದು. ಎಲ್ಲಕ್ಕೂ ಹೆಸರಿತ್ತು. ಅವುಗಳಲ್ಲಿ ಒಂದು ಮಾತ್ರ ಯಾವ ಪ್ರಾಣಿಯದೆಂದು ಯಾರಿಗೂ ಗೊತ್ತಿರಲಿಲ್ಲ. ಮಾನಾಪೊ ಹರೆಯದಲ್ಲಿ, ಪಿತೃಗಳು ಅವಳನ್ನು ಈ ಕೆಲಸಕ್ಕೆ ಕರೆದು ಹುಚ್ಚಿಯಂತೆ ಅಲೆಸಿದ ದಿನಗಳಲ್ಲಿ, ಊರ ಮೇಲಿನ ಕೆಂಪು ಕೊರಕಲಿನಲ್ಲಿ ಹೆಕ್ಕಿ ತಂದದ್ದು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಕಲ್ಲಿನಷ್ಟು ಭಾರ, ಕಂದು ಬಣ್ಣ. ಒಂದು ಮಗ್ಗುಲು ಉಬ್ಬಿ, ಅದರಲ್ಲಿ ಕಣ್ಣಿನಂಥ ಎರಡು ಸಣ್ಣ ತೂತು. ಇನ್ನೊಂದು ಮಗ್ಗುಲು ಚಮಚದಂತೆ ತಗ್ಗು, ಅಂಚು ಹರಿತ. ಅದರ ಹೆಸರು ‘ಬಾಯಿ’.

ಬಾಯಿಯ ಲೆಕ್ಕ ಊರಿನ ಮಕ್ಕಳಿಗೂ ಗೊತ್ತಿತ್ತು. ಕಣ್ಣು ಮೇಲಾಗಿ ಬಿದ್ದರೆ ಅದು ನಮ್ಮನ್ನು ನೋಡುತ್ತಿದೆ, ಕಾಯುತ್ತದೆ. ತಗ್ಗು ಮೇಲಾಗಿ ಬಿದ್ದರೆ ಬಾಯಿ ತೆರೆದಿದೆ, ನುಂಗುತ್ತದೆ. ತೆರೆದ ಬಾಯಿ ಬಿದ್ದ ದಿನ ಹೊಸಿಲು ದಾಟುವಂತಿಲ್ಲ, ಹೊಳೆಯಂತೂ ಖಂಡಿತ ದಾಟುವಂತಿಲ್ಲ.

ಮಾಸೆಲ್ಲೊ ಎಂದರೆ ಸೆಲ್ಲೊನ ತಾಯಿ. ಸೆಲ್ಲೊಗೆ ಮೂರು ವರ್ಷವಾಗಿದ್ದಾಗ ಜ್ವರ ಬಂತು. ಅವನಪ್ಪ ನಾಪೊ ಗಣಿಯಲ್ಲಿದ್ದ. ಮಗುವಿನ ಕುತ್ತಿಗೆ ಮರದ ಹಾಗೆ ಸೆಟೆದಾಗ ಮಾಸೆಲ್ಲೊ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಯಾಚೆಯ ಆಸ್ಪತ್ರೆಗೆ ಹೊರಟಿದ್ದಳು. ಮಾನಾಪೊ ಮೂಳೆ ಹಾಕಿದಳು. ಬಾಯಿ ತೆರೆದು ಬಿತ್ತು. ಇಪ್ಪತ್ತರ ಹರೆಯದ ಸೊಸೆ ಅತ್ತೆಯ ಎದುರು ಏನು ಹೇಳಿಯಾಳು? ಕಟ್ಟಿದ ಕಂಬಳಿ ಬಿಚ್ಚಿ ಮಗುವನ್ನು ಮತ್ತೆ ಚಾಪೆಯ ಮೇಲೆ ಮಲಗಿಸಿದಳು. ಮೂರನೆಯ ದಿನ ಅವನು ಹೋದ. ಹೆಸರು ಮಾತ್ರ ಉಳಿಯಿತು. ನಮ್ಮಲ್ಲಿ ಮಗು ಸತ್ತಿತೆಂದು ತಾಯಿಯ ಹೆಸರು ಬದಲಾಗುವುದಿಲ್ಲ. ನೀರಿಗೆ ಕರೆದರೂ, ಜಗಳಕ್ಕೆ ಕರೆದರೂ ಸೆಲ್ಲೊನ ತಾಯಿ ಎಂದೇ ಕರೆಯಬೇಕು. ಇಪ್ಪತ್ತಾರು ವರ್ಷ ದಿನಕ್ಕೆ ನೂರು ಸಲ ಅವಳು ಅದಕ್ಕೆ ಓಗೊಟ್ಟಿದ್ದಾಳೆ.

ಆಮೇಲೆ ಪುಲೆಂಗ್ ಎಂಬ ಮಗಳು ಹುಟ್ಟಿದಳು. ಆ ಮಗಳನ್ನು ಮಾಸೆಲ್ಲೊ ಮೊಟ್ಟೆಯ ಹಾಗೆ ಬೆಳೆಸಿದಳು. ಹುಡುಗಿ ಸೀನಿದರೆ ಇವಳ ಮೈ ಬೆವರುತ್ತಿತ್ತು. ಎಲ್ಲಿ ಅತ್ತೆಯ ಕೈ ಚೀಲದ ಕಡೆ ಹೋಗುತ್ತದೋ ಎಂದು ಕಣ್ಣು ಅತ್ತಲೇ ಇರುತ್ತಿತ್ತು. ಗಂಡ ಗಣಿಯ ಧೂಳು ತಿಂದು ಕೆಮ್ಮಿ ಕೆಮ್ಮಿ ಸತ್ತ ಮೇಲೆ ಮನೆಯಲ್ಲಿ ಉಳಿದವರು ಈ ಮೂವರು ಹೆಂಗಸರು, ಮತ್ತೆ ಆ ಚೀಲ.

ಡಾಕ್ಟರ್ ಥೆಕೊ ನಮ್ಮ ಕಡೆ ಬಂದದ್ದು ಆಗ. ಅವರು ಕಲ್ಲಾದ ಮೂಳೆಗಳ ಡಾಕ್ಟರ್. ಮೂಳೆ ಡಾಕ್ಟರ್ ಬಂದಿದ್ದಾರೆ ಎಂದು ಕೇಳಿ ಮೊದಲ ವಾರ ಮುದುಕರೆಲ್ಲ ಮಂಡಿನೋವು ತೋರಿಸಲು ಸಾಲು ನಿಂತಿದ್ದರು. ಮಿಷನ್ ಶಾಲೆಯ ಹಿಂದಿನ ತಗಡಿನ ಕೋಣೆಯಲ್ಲಿ ಅವರ ಕೆಲಸ, ಅವರ ಗಾಡಿಗೆ ನಾನು ಡ್ರೈವರ್. ಕೊರಕಲಿನಿಂದ ತಂದ ಕಲ್ಲುಮುದ್ದೆಗಳಿಂದ ಮೂಳೆ ಬಿಡಿಸಲು ನಡುಗದ ಕೈ ಬೇಕು ಎಂದರು. ಹುಲ್ಲಿನ ಟೋಪಿ ಹೆಣೆಯುತ್ತಿದ್ದ ಮಾಸೆಲ್ಲೊಳ ಹೆಸರು ನಾನೇ ಹೇಳಿದೆ. ಊರಿನವರು ಗೋರಿ ಕೆದಕುವವಳು ಎಂದು ಆಡಿಕೊಂಡರು. ಮಾನಾಪೊ ಮಾತ್ರ ಬೇಡವೆನ್ನಲಿಲ್ಲ. “ನಾನೂ ಮೂಳೆ ಹಿಡ್ಕೊಂಡೇ ಬದುಕಿದ್ದು, ಅವಳೂ ಹಿಡೀಲಿ ಬಿಡು. ನನ್ನ ಮೂಳೆ ಮಾತಾಡ್ತವೆ, ಅವಳವು ಮೂಕ, ಅಷ್ಟೇ ವ್ಯತ್ಯಾಸ,” ಎಂದಳು.

ಹೆದರುವವರ ಕೈ ಆ ಕೆಲಸಕ್ಕೆ ಹೇಳಿಮಾಡಿಸಿದ್ದು. ಸೂಜಿಯ ಮೊನೆಯಿಂದ ಸಾಸಿವೆಯಷ್ಟು ಕಲ್ಲು ತೆಗೆಯುವುದು, ಬ್ರಶ್ಶಿನಿಂದ ಗುಡಿಸುವುದು, ಭೂತಗನ್ನಡಿಯಲ್ಲಿ ನೋಡುವುದು, ಮತ್ತೆ ಸೂಜಿ. ಧೈರ್ಯವಂತರು ಒಂದೇ ದಿನದಲ್ಲಿ ಮುರಿದಿಡುತ್ತಾರೆ. ಮಾಸೆಲ್ಲೊ ಏಳು ವರ್ಷದಲ್ಲಿ ಒಂದು ಹಲ್ಲನ್ನೂ ಮುರಿಯಲಿಲ್ಲ.

ಏಳನೆಯ ವರ್ಷ ಆ ಸಣ್ಣ ಪ್ರಾಣಿ ಸಿಕ್ಕಿತು. ಮಾನಾಪೊ ಅಲೆದಿದ್ದ ಅದೇ ಕೊರಕಲು, ಅದೇ ಕೆಂಪು ಪದರ. ಕಲ್ಲುಮುದ್ದೆಯನ್ನು ಹೊತ್ತು ತಂದವನು ನಾನೇ. ತಿಂಗಳುಗಟ್ಟಲೆ ಕೂತು ಅವಳು ಅದನ್ನು ಬಿಡಿಸುತ್ತಿದ್ದರೆ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಹಿಂಗಾಲು ಬಂತು. ತೊಡೆಗಿಂತ ಮೊಣಕಾಲಿನ ಕೆಳಗಿನ ಮೂಳೆ ಉದ್ದ, ಓಡುವ ಪ್ರಾಣಿ ಎಂದರು ಡಾಕ್ಟರ್. ಆಮೇಲೆ ಮುಂಗೈ, ಐದು ಬೆರಳು, ಮಗುವಿನ ಕೈಯಷ್ಟು ಚಿಕ್ಕದು. ಬಾಲದ ಮಣಿಗಳು ಮೂತಿಯ ಕಡೆ ಮಡಚಿಕೊಂಡಿದ್ದವು. ಬಾಲ ಸೇರಿಸಿದರೂ ನನ್ನಷ್ಟು ಉದ್ದವಿಲ್ಲ, ಎತ್ತರ ನನ್ನ ಮೊಣಕಾಲಿಗೆ. ಡೈನೋಸಾರ್ ಎಂದರೆ ಬೆಟ್ಟದ ಗಾತ್ರ ಎಂದುಕೊಂಡಿದ್ದ ನನಗೆ ಸ್ವಲ್ಪ ಮೋಸಹೋದಂತಾಯಿತು. ಇದು ಎಲ್ಲಕ್ಕೂ ಹೆದರಿ ಓಡುತ್ತಿದ್ದ ಪ್ರಾಣಿ, ಓಟವೊಂದೇ ಇದರ ಆಯುಧ ಎಂದು ಡಾಕ್ಟರ್ ಹೇಳಿದಾಗ ಮಾತ್ರ ನನಗೆ ಅದರ ಮೇಲೆ ನೆಂಟಸ್ತಿಕೆ ಹುಟ್ಟಿತು.

ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದು, ನೀವು ಯಾವುದಕ್ಕೆ ಕುಣಿಯುವವರು ಎಂದು. ಮೊಸಳೆಗೆ ಕುಣಿಯುವ ಕುಲ ಒಂದು, ಸಿಂಹಕ್ಕೆ ಕುಣಿಯುವ ಕುಲ ಇನ್ನೊಂದು. ಮಾಸೆಲ್ಲೊ ಒಂದು ದಿನ ಡಾಕ್ಟರನ್ನು, ಗಂಡಸರನ್ನು ನಾವು ಗೌರವದಿಂದ ಕರೆಯುವ ಹಾಗೆ ನ್ತಾತೆ ಎಂದು ಕರೆದು, ಅದನ್ನೇ ಕೇಳಿದಳು.

“ನ್ತಾತೆ, ಇದು ಯಾವುದಕ್ಕೆ ಕುಣಿಯುತ್ತೆ?”

ಡಾಕ್ಟರ್ ನಕ್ಕು, ಅದೇ ತನ್ನ ತಲೆನೋವು ಎಂದರು. ಈ ಪ್ರಾಣಿಗಳಲ್ಲಿ ದೊಡ್ಡ ಮನೆತನಗಳನ್ನು ಸೊಂಟದಿಂದ ಗುರುತಿಸುತ್ತಾರಂತೆ. ಸೊಂಟದ ಕೆಳಗಿನ ಒಂದು ಮೂಳೆ ಮುಂದಕ್ಕೆ ಚಾಚಿದರೆ ಒಂದು ಮನೆತನ, ಹಕ್ಕಿಯ ಹಾಗೆ ಹಿಂದಕ್ಕೆ ಮಲಗಿದ್ದರೆ ಇನ್ನೊಂದು. ಇದರ ಸೊಂಟವನ್ನು ಮಳೆ ತೊಳೆದುಕೊಂಡು ಹೋಗಿತ್ತು. ಹಲ್ಲು ಎಲೆಯ ಆಕಾರ, ಅಂಚು ಗರಗಸ, ಸೊಪ್ಪು ತಿನ್ನುವ ಹಲ್ಲು. ಹಾಗೆಂದು ಸೊಪ್ಪು ತಿಂದವರೆಲ್ಲ ಒಂದೇ ಕುಲವಲ್ಲ. ಇನ್ನು ಉಳಿದ ಗುರುತು ಒಂದೇ. ಆ ಎರಡನೆಯ ಮನೆತನದವರಿಗೆಲ್ಲ ಕೆಳದವಡೆಯ ತುದಿಯಲ್ಲಿ, ಎಡ ದವಡೆ ಬಲ ದವಡೆ ಕೂಡುವ ಜಾಗದಲ್ಲಿ, ಒಂದು ಹೆಚ್ಚಿನ ಪುಟ್ಟ ಮೂಳೆ ಇರುತ್ತದೆ. ಬೇರೆ ಯಾರಿಗೂ ಅದಿಲ್ಲ. ಅದರ ಮೇಲೆ ಕೊಕ್ಕಿನ ಚಿಪ್ಪು ಕೂತು, ಸೊಪ್ಪನ್ನು ಕತ್ತರಿಸುತ್ತದೆ. ಮಾಸೆಲ್ಲೊ ಬಿಡಿಸಿದ ದವಡೆಯ ತುದಿಯಲ್ಲಿ ನುಣ್ಣನೆಯ ಖಾಲಿ ಜಾಗ ಇತ್ತು, ಮೂಳೆ ಇರಲಿಲ್ಲ.

ಡಾಕ್ಟರ್ ಆ ಮೂಳೆಯನ್ನು ಕಾಗದದ ಮೇಲೆ ಬರೆದು ತೋರಿಸಿದರು. ಒಂದು ಸಲ ಮೇಲಿನಿಂದ, ಒಂದು ಸಲ ಕೆಳಗಿನಿಂದ. ಚಮಚದಂಥ ತಗ್ಗು, ಹರಿತ ಅಂಚು. ಉಬ್ಬಿದ ಮಗ್ಗುಲಲ್ಲಿ ಎರಡು ತೂತು.

ಮಾಸೆಲ್ಲೊಳ ಕೈಯಿಂದ ಸೂಜಿ ಕೆಳಗೆ ಬಿತ್ತು. ಏಳು ವರ್ಷದಲ್ಲಿ ಅದೇ ಮೊದಲು. ಅದನ್ನು ಎತ್ತಿಕೊಳ್ಳದೆ, ತೂತು ಯಾವ ಕಡೆ ಬರುತ್ತದೆ ಎಂದು ಕೇಳಿದಳು.

“ಕೆಳಗೆ. ಅದು ಗದ್ದ. ರಕ್ತ ಹರಿಯೋ ದಾರಿ ಆ ತೂತು. ಪ್ರಾಣಿ ಕಾಲ ಮೇಲೆ ನಿಂತಿದ್ರೆ ತಗ್ಗು ಆಕಾಶ ನೋಡ್ತಿರುತ್ತೆ. ತೂತು ಆಕಾಶ ನೋಡ್ತಿದೆ ಅಂದ್ರೆ ಪ್ರಾಣಿ ಅಂಗಾತ ಬಿದ್ದು ಸತ್ತಿದೆ ಅಂತ,” ಎಂದರು ಡಾಕ್ಟರ್, ನಗುತ್ತಾ. ಅವರಿಗೇನು ಗೊತ್ತು ಪಾಪ.

ಅವಳು ಎದ್ದು ಹೊರಗೆ ಹೋಗಿ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಸಂಜೆ ಗಾಡಿಯಲ್ಲಿ ಮನೆಗೆ ಬಿಡುವಾಗ ನನಗೆ ಎಲ್ಲ ಹೇಳಿದಳು. ನಾನು ಗಾಡಿಯನ್ನು ದಾರಿಬದಿಗೆ ನಿಲ್ಲಿಸಿದೆ. ನಮ್ಮ ಊರು ಐವತ್ತು ವರ್ಷದಿಂದ ಗದ್ದವನ್ನು ಮುಖವೆಂದು ತಿಳಿದು ಓದಿದೆ. ಬದುಕು ಬಿದ್ದಾಗ ಸಾವು ಎಂದಿದೆ, ಸಾವು ಬಿದ್ದಾಗ ಬದುಕು ಎಂದಿದೆ. ಎಷ್ಟು ಜನ ಹೊರಡಬೇಕಾದಾಗ ಕೂತರೋ, ಕೂರಬೇಕಾದಾಗ ಹೊರಟರೋ. ನನ್ನ ತಮ್ಮ ಗಣಿಗೆ ಹೋಗುವ ದಿನ ಕಣ್ಣು ಮೇಲಾಗಿ ಬಿದ್ದಿತ್ತು, ಅವನು ಇಂದಿಗೂ ಬಂದಿಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

ಅತ್ತೆಗೆ ಹೇಳುತ್ತೀಯಾ ಎಂದು ಕೇಳಿದೆ. ಅವಳು ಸೆರಗಿನಂತೆ ಹೊದ್ದ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡಳು.

“ಹೇಳೋದು ಹೇಗೆ ನ್ತಾತೆ ಲೆಬೋನ? ಮೂಳೆ ತಲೆಕೆಳಗಾಗಿತ್ತು ಅಂದ್ರೆ, ನನ್ನ ಮಗನ್ನ ನೀವೇ ಕೊಂದ್ರಿ ಅಂದ ಹಾಗಲ್ವಾ?”

ನುಂಗಲಾರದ ತುತ್ತು ಎನ್ನುತ್ತಾರಲ್ಲ, ಅದನ್ನು ಅವಳು ನಾಲ್ಕು ತಿಂಗಳು ಬಾಯಲ್ಲಿಟ್ಟುಕೊಂಡು ಓಡಾಡಿದಳು. ಬೆಳಿಗ್ಗೆ ಹುಳಿ ಗಂಜಿಯನ್ನು ಅತ್ತೆಯ ಕೈಗೆ ಕೊಡದೆ ನೆಲದ ಮೇಲಿಟ್ಟು ಸರಿಯುತ್ತಿದ್ದಳಂತೆ. ಚೀಲದ ಬಳಿ ಸುಳಿದರೆ ತಾನು ಯೋಚಿಸುತ್ತಿರುವುದನ್ನು ಮೂಳೆಗಳು ಅತ್ತೆಗೆ ಹೇಳಿಬಿಡುತ್ತವೆ ಎಂದು ಗುಡಿಸುವಾಗಲೂ ಆ ಮೂಲೆ ಬಿಟ್ಟು ಗುಡಿಸುತ್ತಿದ್ದಳು. ಮೂಳೆಯನ್ನು ತಪ್ಪಾಗಿ ಓದಿದ್ದರು ಎಂದು ತಿಳಿದ ಮೇಲೂ ಮೂಳೆಯ ಭಯ ಹೋಗಲಿಲ್ಲ, ಇಮ್ಮಡಿಯಾಯಿತು. ನನಗೂ ಹಾಗೆಯೇ ಆಗಿತ್ತು, ಸುಳ್ಳು ಏಕೆ ಹೇಳಲಿ.

ಅಷ್ಟರಲ್ಲಿ ಪುಲೆಂಗ್ ಚೊಚ್ಚಲ ಹೆರಿಗೆಗೆ ಗಂಡನ ಊರಿನಿಂದ ತವರಿಗೆ ಬಂದಳು. ಮಳೆಗಾಲ, ಸಂಜೆಯಾದರೆ ಸಿಡಿಲು. ಒಂದು ಮುಂಜಾನೆ ನೋವು ಶುರುವಾಯಿತು. ಮರುದಿನ ಮಧ್ಯಾಹ್ನವಾದರೂ ಮಗು ಬರಲಿಲ್ಲ. ನಾನು ಶಾಲೆಯ ಹಿಂದಿನ ಕೋಣೆಯ ಮುಂದೆ ಗಾಡಿಯ ಬಿಚ್ಚಿದ ಚಕ್ರವನ್ನು ಮತ್ತೆ ಬಿಗಿಯುತ್ತಿದ್ದಾಗ ಮಾಸೆಲ್ಲೊ ಗುಡ್ಡ ಇಳಿದು ಓಡಿಬಂದಳು. ಬರಿಗಾಲು, ತಲೆಯ ಬಟ್ಟೆ ಎಲ್ಲೋ ಬಿದ್ದಿತ್ತು. ಹುಡುಗಿಯ ಮೈ ಬಿಸಿಯೇರಿದೆ, ಮಗುವಿನ ತಲೆ ಸಿಕ್ಕಿಕೊಂಡಿದೆ, ಹೆರಿಗೆ ಮಾಡಿಸುವ ಮುದುಕಿಯೇ ಕೈಚೆಲ್ಲಿ ಆಸ್ಪತ್ರೆಗೆ ಒಯ್ಯಿರಿ ಎಂದಿದ್ದಾಳೆ, ಮಾನಾಪೊ ಮೂಳೆ ಹಾಕಿದ್ದಾಳೆ. ಹೇಗೆ ಬಿತ್ತು ಎಂದು ನಾನು ಕೇಳಬೇಕಾಗಲಿಲ್ಲ.

ಡಾಕ್ಟರ್ ಅಂದು ಬಸ್ಸಿನಲ್ಲಿ ರಾಜಧಾನಿ ಮಸೇರುವಿಗೆ ಹೋಗಿದ್ದರು. ಅವಳು ನೇರ ಒಳಗೆ ಹೋಗಿ ಕಪಾಟಿನ ಬೀಗ ತೆಗೆದು, ಹತ್ತಿಯಲ್ಲಿ ಸುತ್ತಿಟ್ಟ ಕೆಳದವಡೆಯನ್ನು ತೆಗೆದು ಕಂಬಳಿಯ ಒಳಗಿಟ್ಟುಕೊಂಡಳು. ಅಂಥ ವಸ್ತುವನ್ನು ಕೋಣೆಯ ಹೊಸಿಲು ದಾಟಿಸಿದರೆ ಕೆಲಸ ಹೋಗುವುದು ಮಾತ್ರವಲ್ಲ, ಪೊಲೀಸರೂ ಬರುತ್ತಾರೆ. ಡಾಕ್ಟರಿಗೆ ಏನು ಹೇಳಲಿ ಎಂದೆ.

“ಮಾಸೆಲ್ಲೊ ಕದ್ದಳು ಅಂತ ಹೇಳಿ. ಗಾಡಿ ತೆಗೀರಿ.”

ನಾನು ತೆಗೆದೆ. ಗುಡ್ಡದ ಮೇಲೆ ಎರಡು ಸಲ ಸಿಡಿಲು ಬಿತ್ತು, ಎರಡು ಸಲವೂ ನನ್ನ ಜೀವ ಬಾಯಿಗೆ ಬಂತು. ಅವಳು ಕಣ್ಣು ಕೂಡ ಮಿಟುಕಿಸಲಿಲ್ಲ. ಅವಳಿಗೆ ಬೇರೆ ಭಯಕ್ಕೆ ಪುರುಸೊತ್ತೇ ಇರಲಿಲ್ಲ.

ಹೆರಿಗೆ ಮನೆಗೆ ಗಂಡಸರು ಕಾಲಿಡುವಂತಿಲ್ಲ. ನಾನು ಜೊಂಡಿನ ಬೇಲಿಯ ಬಳಿ ನಿಂತೆ. ಮಾನಾಪೊ ಸೂರಿನ ಕೆಳಗೆ ಬಾಗಿಲಿಗೆ ಅಡ್ಡಲಾಗಿ ಕೂತಿದ್ದಳು, ಮುಂದೆ ಚಾಪೆ, ಚಾಪೆಯ ಮೇಲೆ ಮೂಳೆಗಳು ಬಿದ್ದ ಹಾಗೇ ಇದ್ದವು. ಬಾಯಿ ನಡುವೆ ತಗ್ಗು ಮೇಲಾಗಿ ಮಲಗಿತ್ತು. ಅದನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಎಲ್ಲ ಗೊತ್ತಿದ್ದೂ ಸರಿದೆ. ಒಳಗೆ ಪುಲೆಂಗ್ ಈಗ ಕೂಗುತ್ತಿರಲಿಲ್ಲ. ಆಗಾಗ ಸಣ್ಣಗೆ ನರಳುತ್ತಿದ್ದಳು, ಅದು ಕೂಗಿಗಿಂತ ಕೆಟ್ಟದಾಗಿತ್ತು.

ಮಾನಾಪೊಗೆ ಆರೇಳು ವರ್ಷದಿಂದ ಕಣ್ಣು ಮಂಜು. ಮೂಳೆಗಳನ್ನು ಬೆರಳಿನಿಂದ ಮುಟ್ಟಿ ಓದುತ್ತಿದ್ದಳು. ಗಾಡಿಯ ಸದ್ದು ಕೇಳಿ, ಯಾರು ಏನೇ ತಂದರೂ ಹುಡುಗಿ ಈ ಹೊಸಿಲು ದಾಟುವುದಿಲ್ಲ, ಹೊಳೆ ಅವಳನ್ನು ನುಂಗುತ್ತದೆ ಎಂದಳು. ಅವಳ ದನಿಯೂ ನಡುಗುತ್ತಿತ್ತು. ಅದುವರೆಗೆ ನನಗೆ ಹೊಳೆದಿರಲಿಲ್ಲ, ಆ ಮುದುಕಿಯೂ ನಮ್ಮ ಹಾಗೆಯೇ ಆ ಮೂಳೆಗೆ ಹೆದರುತ್ತಿದ್ದಳು.

ಮಾಸೆಲ್ಲೊ ಚಾಪೆಯ ಎದುರು ಮಂಡಿಯೂರಿದಳು. ಮೂವತ್ತು ವರ್ಷದ ಸೊಸೆತನದಲ್ಲಿ ಅತ್ತೆಗೆ ಎದುರಾಡಿದವಳಲ್ಲ.

“ಅಮ್ಮ, ಬಾಯಿ ಮುಟ್ತೀನಿ, ಕ್ಷಮಿಸಿ.”

“ಮುಟ್ಟಿದ್ರೆ ಕೈ ಸೇದಿಹೋಗುತ್ತೆ.”

“ಹೋಗ್ಲಿ. ಇದರ ಉಳಿದ ದವಡೆ ನನ್ನ ಹತ್ರ ಇದೆ ಅಮ್ಮ. ನೀವು ಹೆಕ್ಕಿದ ಕೊರಕಲಲ್ಲೇ ಸಿಕ್ತು. ನೀವೇ ಕೂಡಿಸಿ ನೋಡಿ.”

ಹತ್ತಿ ಬಿಚ್ಚಿ ದವಡೆಯನ್ನು ಮುದುಕಿಯ ಎಡ ಅಂಗೈಯಲ್ಲಿ ಇಟ್ಟಳು. ಮುದುಕಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಎಳೆಯಲಿಲ್ಲ. ಮೂಳೆ ಓದುವ ಬೆರಳು ಅದು, ತಡೆದುಕೊಳ್ಳಲಾರದೆ ಹಲ್ಲಿನ ಸಾಲಿನ ಮೇಲೆ ಹರಿಯಿತು. ಒಂದೊಂದು ಹಲ್ಲನ್ನೂ ಮುಟ್ಟುತ್ತಾ ತುದಿಗೆ ಬಂದು ಖಾಲಿ ಜಾಗದಲ್ಲಿ ನಿಂತಿತು. ಬಲಗೈ ತಾನಾಗಿ ಚಾಪೆಯ ಮೇಲೆ ತಡವಿ ಬಾಯಿಯನ್ನು ಎತ್ತಿಕೊಂಡಿತು.

ಮೊದಲು ತನಗೆ ಗೊತ್ತಿದ್ದ ಹಾಗೆ ಇಟ್ಟಳು, ಕಣ್ಣು ಮೇಲೆ. ಕೂರಲಿಲ್ಲ, ಹೊರಳಿತು. ಒತ್ತಿ ನೋಡಿದಳು. ಮತ್ತೆ ಹೊರಳಿತು. ಮೂರನೆಯ ಸಲ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು, ತಿರುಗಿಸಿ, ತಗ್ಗು ಮೇಲೆ ಮಾಡಿ ಇಟ್ಟಳು. ಟಕ್ ಎಂದು ಕೂತಿತು. ಬೇಲಿಯ ಬಳಿ ನಿಂತ ನನಗೂ ಆ ಸದ್ದು ಕೇಳಿಸಿತು. ಅವಳು ತೆಗೆದು ಇನ್ನೊಮ್ಮೆ ಇಟ್ಟಳು, ಇನ್ನೊಮ್ಮೆ ಕೂತಿತು. ಉಬ್ಬಿದ ಮಗ್ಗುಲನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಅದೇ ಬೆರಳಿನಿಂದ ತನ್ನ ಮುಖದ ಕೆಳಗೆ ಮುಟ್ಟಿಕೊಂಡಳು.

“ಇದು ಗದ್ದ,” ಎಂದಳು.

“ಹೌದಮ್ಮ. ತಗ್ಗು ಮೇಲಿದ್ರೆ ಅದು ನಿಂತಿದೆ ಅಂತ.”

“ಏನು ನುಂಗ್ತಿತ್ತು ಇದು?”

“ಸೊಪ್ಪು. ಸಣ್ಣ ಪ್ರಾಣಿ ಅಮ್ಮ, ಮೇಕೆಮರಿ ಅಷ್ಟಿತ್ತು. ಯಾರನ್ನೂ ನುಂಗಿಲ್ಲ.”

ಮಳೆ ಶುರುವಾಯಿತು. ಮುದುಕಿಯ ಮುಖದಲ್ಲಿ ಆಗ ಬಂದ ಭಯವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ, ಕನ್ನಡಿಯಲ್ಲಿ ಕೂಡ ಕಂಡಿಲ್ಲ. ಅವಳು ಒಪ್ಪದೇ ಇರಬಹುದಿತ್ತು. ಇದು ಬಿಳಿಯರ ಮಾಟ ಎಂದು ದವಡೆಯನ್ನು ಎಸೆದಿದ್ದರೆ ಇಡೀ ಊರು ಅವಳ ಕಡೆ ನಿಲ್ಲುತ್ತಿತ್ತು, ನಾನೂ ಬಹುಶಃ ಬೇಲಿಯ ಬಳಿಯೇ ಉಳಿಯುತ್ತಿದ್ದೆ. ಅವಳ ಐವತ್ತು ವರ್ಷ ಉಳಿಯುತ್ತಿತ್ತು. ಒಳಗೆ ಪುಲೆಂಗ್ ಮತ್ತೆ ನರಳಿದಳು. ಮುದುಕಿ ಗೋಡೆ ಹಿಡಿದು ಎದ್ದು ಬಾಗಿಲು ಬಿಟ್ಟು ಸರಿದಳು.

“ಲೆಬೋನ, ಗಾಡಿ ಹಿಂದಕ್ಕೆ ತಗೋ ಮಗಾ. ನಾನೂ ಬರ್ತೀನಿ.”

ಹುಡುಗಿಯನ್ನು ಹಾಸಿಗೆ ಸಮೇತ ಗಾಡಿಯ ಹಿಂದೆ ಮಲಗಿಸಿ, ಮೇಲೆ ತಾಡಪಾಲು ಕಟ್ಟಿ, ತಾಯಿ ಪಕ್ಕದಲ್ಲಿ ಕೂತಳು. ಮುದುಕಿ ನನ್ನ ಪಕ್ಕದಲ್ಲಿ. ಸೆಂಕು ಹೊಳೆಯ ತಗ್ಗು ಸೇತುವೆಗೆ ಬಂದಾಗ ನೀರು ಸೇತುವೆಯ ಮೇಲೆ ಹರಿಯುತ್ತಿತ್ತು, ಕೆಂಪಗೆ, ಮರದ ಬೊಡ್ಡೆಗಳನ್ನು ಹೊತ್ತುಕೊಂಡು. ನಾನು ಬ್ರೇಕ್ ಒತ್ತಿದೆ. ಆಗ ನಾನು ಆಡಿದ ಮಾತು ನೆನೆದರೆ ಇಂದಿಗೂ ನಾಚಿಕೆ. ಅಜ್ಜಿ, ಒಂದು ಸಲ ಮೂಳೆ ಹಾಕಿ ನೋಡಿ, ದಾಟಬಹುದೋ ಇಲ್ಲವೋ ಎಂದು ಕೇಳಿದೆ.

“ಚೀಲ ಮನೇಲಿದೆ,” ಎಂದಳು ಮುದುಕಿ. “ನಿನ್ನ ತಲೇಲಿ ಎರಡು ಕಣ್ಣಿದೆ, ನಂಗದೂ ಇಲ್ಲ. ಕಂಬದ ಮೇಲೆ ಎಷ್ಟು ಗೆರೆ ಕಾಣ್ತಿದೆ ಎಣಿಸು.”

ಸೇತುವೆಯ ಪಕ್ಕದ ಕಂಬಗಳಲ್ಲಿ ನೀರಿನ ಅಳತೆಗೆ ಬಿಳಿ ಗೆರೆ ಬಳಿದಿರುತ್ತಾರೆ. ಮೂರು ಕಂಡರೆ ಗಾಡಿ ದಾಟುತ್ತದೆ, ಎರಡಾದರೆ ದಾಟುವುದಿಲ್ಲ. ಎಲ್ಲ ಡ್ರೈವರಿಗೂ ಗೊತ್ತಿರುವ ಸಂಗತಿ, ನನಗೆ ಮರೆತೇಹೋಗಿತ್ತು. ಎಣಿಸಿದೆ. ಮೂರು. ಮೂರನೆಯದು ಅರ್ಧ ಮುಳುಗುತ್ತಿತ್ತು. ಹಾಗಾದರೆ ಹೋಗು ಎಂದಳು. ಹೋದೆ. ನಡುವೆ ಒಂದು ಬೊಡ್ಡೆ ಬಂದು ಬಾಗಿಲಿಗೆ ಬಡಿದಾಗ ನಾನು ಕೂಗಿಕೊಂಡೆ, ಹಿಂದಿನಿಂದ ಮಾಸೆಲ್ಲೊ ಕೂಡ ಕೂಗಿದಳು. ಮುದುಕಿ ಒಬ್ಬಳೇ ಸುಮ್ಮನೆ ಇದ್ದಳು. ದಡ ಹತ್ತಿ ತಿರುಗಿ ನೋಡಿದಾಗ ಎರಡೇ ಗೆರೆ ಉಳಿದಿತ್ತು.

ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಮಗು ತೆಗೆದರು. ಹೆಣ್ಣು. ತಾಯಿಯೂ ಉಳಿದಳು, ಇನ್ನೊಂದು ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ನರ್ಸ್ ನಮ್ಮನ್ನು ಬೈದಳು. ಬೈಸಿಕೊಳ್ಳುವುದು ಅಷ್ಟು ಹಿತವೆನಿಸಿದ್ದು ನನಗೆ ಆವತ್ತೊಂದೇ ದಿನ.

ಮೂಳೆಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ಮಾಸೆಲ್ಲೊ ಮಾರನೆಯ ವಾರ ಡಾಕ್ಟರಿಗೆ ಎಲ್ಲವನ್ನೂ ತಾನೇ ಒಪ್ಪಿಸಿದಳು. ಅವರು ಬೈಯುವುದನ್ನೂ ಮರೆತು ಬಾಯಿಯನ್ನು ಭೂತಗನ್ನಡಿಯ ಕೆಳಗಿಟ್ಟು ಅರ್ಧ ದಿನ ಕೂತರು. ಸಣ್ಣ ಪ್ರಾಣಿಗೆ ಅದರ ಕುಲ ಸಿಕ್ಕಿತು, ಹಕ್ಕಿ ಸೊಂಟದವರ ಮನೆತನ, ಆ ಮನೆತನದ ಬಹಳ ಹಳೆಯ ತಲೆಮಾರುಗಳಲ್ಲಿ ಒಂದು. ಮಾನಾಪೊ ಮೂಳೆಯನ್ನು ವಾಪಸು ಕೇಳಲಿಲ್ಲ. ಜನ ಬಂದು ಕರೆದರೂ ಮತ್ತೆಂದೂ ಚೀಲ ಬಿಚ್ಚಲಿಲ್ಲ. ಊರಿನವರು ಅದಕ್ಕೆ ಸೊಸೆಯನ್ನೇ ದೂರಿದರು, ಕೆಲವರು ಇಂದಿಗೂ ಅವಳ ಕೈಯಿಂದ ಮನೆಯಲ್ಲಿ ಮಾಡಿದ ಜೋಳದ ಬಿಯರ್ ಕುಡಿಯುವುದಿಲ್ಲ.

ನಾನು ಹೇಳಬೇಕಾದ್ದು ಆ ಸಂಜೆ ಆಸ್ಪತ್ರೆಯ ಜಗಲಿಯಲ್ಲಿ ನಡೆದದ್ದು. ಮಳೆ ನಿಂತಿತ್ತು. ನರ್ಸ್ ಮಗುವನ್ನು ತಂದು ತೋರಿಸಿ ಒಯ್ದಿದ್ದಳು. ಅತ್ತೆ ಸೊಸೆ ಒಂದೇ ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದೆ. ಇನ್ನು ಹೆದರಲು ಏನೂ ಇಲ್ಲ ಎಂದುಕೊಳ್ಳುತ್ತಿದ್ದಾಗ ಮುದುಕಿ ಬಾಯಿ ತೆರೆದಳು.

“ಸೆಲ್ಲೊಗೆ ಹಾಕಿದಾಗ ಅದು ಹೇಗೆ ಬಿದ್ದಿತ್ತು?”

ನಾನು ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟೆ. ಮಾಸೆಲ್ಲೊಳ ಬೆರಳುಗಳು ಬೆಂಚಿನ ಅಂಚನ್ನು ಹಿಡಿದುಕೊಂಡವು. ಆ ಚಾಪೆ, ಆ ಮೂಳೆ, ಯಾವುದರ ಪಕ್ಕ ಯಾವುದು ಬಿದ್ದಿತ್ತು ಎಂಬುದೆಲ್ಲ ಅವಳಿಗೆ ಗೊತ್ತು. ನನಗೆ ಎಷ್ಟೋ ಸಲ ಹೇಳಿದ್ದಳು. ಇಪ್ಪತ್ತಾರು ವರ್ಷದಿಂದ ಕಾಯುತ್ತಿದ್ದ ಮಾತನ್ನು ಈಗ ಅತ್ತೆಯೇ ಕೇಳುತ್ತಿದ್ದಾಳೆ.

“ನೆನಪಿಲ್ಲ ಅಮ್ಮ,” ಎಂದಳು ಮಾಸೆಲ್ಲೊ.

“ನಂಗೆ ನೆನಪಿದೆ. ನಿಂತಿತ್ತು.” ಮುದುಕಿ ಮಂಜುಗಣ್ಣನ್ನು ಹೊಳೆಯ ಕಡೆ ತಿರುಗಿಸಿದಳು. “ನಿಂತಿತ್ತು ಮಗಳೇ. ಕರ್ಕೊಂಡು ಹೋಗು, ಬದುಕ್ತಾನೆ ಅಂತಲೇ ಹೇಳ್ತಿತ್ತು. ನಾನು ಕಂಬಳಿ ಬಿಚ್ಚಿಸಿದೆ.”

ಮಾಸೆಲ್ಲೊ ಆಗ ಅತ್ತಳು. ಮಗ ಸತ್ತ ದಿನವೂ ಅತ್ತೆಯ ಎದುರು ಅತ್ತವಳಲ್ಲ. ಮುದುಕಿ ಅವಳನ್ನು ಸುಮ್ಮನಿರಿಸಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಬೆಂಚಿನ ಮೇಲೆ ಕೈ ತಡವುತ್ತಾ ಸೊಸೆಯ ಕೈ ಸಿಗುವವರೆಗೂ ಸರಿದಳು. ಸಿಕ್ಕ ಮೇಲೆ, ಇಷ್ಟು ವರ್ಷ ಮೂಳೆಗಳನ್ನು ಓದಿದ ಬೆರಳುಗಳಿಂದ ಅದನ್ನು ಹಿಡಿದುಕೊಂಡು ಕೂತಳು.